ಅನುಸೂಯಮ್ಮನವರ ಮನೆಯ ಬಲಗಡೆ ಹೂವು

ಅನುಸೂಯಮ್ಮನವರ ಹೆಸರು ನಾನು ಮೊದಲು ಕೇಳಿದ್ದು ನನ್ನ ಮಗಳು ರೇಣು ಕೆಲಸ ಬಿಡುತ್ತೇನೆ ಅಂದ ದಿನ. ವಿಕ್ಸಮ್‌ನ ನಮ್ಮ ಮನೆಯಲ್ಲಿ ನಾನು ಅವರೆಕಾಳು ಹಿಚುಕುತ್ತಾ ಕೂತಿದ್ದೆ. ಫ್ರೋಜನ್ ಪ್ಯಾಕೆಟ್ಟಿನದು, ಹಿಚುಕಿದರೆ ಅರ್ಧ ಸಿಪ್ಪೆ, ಅರ್ಧ ಐಸು. ರೇಣು ಆಫೀಸಿನ ಬ್ಯಾಗನ್ನು ಸೋಫಾ ಮೇಲೆ ಎಸೆದು, "ಅಮ್ಮಾ, ಡಿಸೈಡ್ ಮಾಡಿಬಿಟ್ಟೆ. ಮನೇಲೇ ಡೇಕೇರ್ ಶುರು ಮಾಡ್ತೀನಿ. ಹೂವು ಬಲಗಡೆ ಬಿತ್ತು" ಅಂದಳು.

"ಯಾವ ಹೂವೇ? ಎಲ್ಲಿ ಬಿತ್ತು?"

"ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಅನುಸೂಯಮ್ಮ ಆಂಟಿ ಅಂತಿದಾರೆ. ಅವರ ಮನೆ ಅಮ್ಮನವರ ಹತ್ರ ಹೂವು ಕೇಳಿಸಿಕೊಂಡು ಬಂದೆ."

ಹೂವು ಕೇಳೋದು ನಮ್ಮ ಮೈಸೂರು ಕಡೆಯವರಿಗೆ ಹೊಸದಲ್ಲ. ದೇವರ ಎರಡು ಭುಜಕ್ಕೂ ಒಂದೊಂದು ಹೂವನ್ನು ನೀರಲ್ಲಿ ಅದ್ದಿ ಅಂಟಿಸಬೇಕು. ಮನಸ್ಸಲ್ಲಿರೋದನ್ನು ಕೇಳಿಕೊಂಡು ಕಾಯಬೇಕು. ನೀರು ಆರುತ್ತಾ ಆರುತ್ತಾ ಯಾವುದೋ ಒಂದು ಹೂವು ಮೊದಲು ಕಳಚಿ ಬೀಳುತ್ತದೆ. ದೇವರ ಬಲಭುಜದ್ದು ಬಿದ್ದರೆ ಆಗಲಿ ಅಂತ, ಎಡಭುಜದ್ದು ಬಿದ್ದರೆ ಬೇಡ ಅಂತ. ಇದೆಲ್ಲ ಸರಿ. ಆದರೆ ಚೆನ್ನಾಗಿ ಸಂಬಳ ಬರೋ ಕೆಲಸವನ್ನು ಒಂದು ಹೂವಿನ ಮಾತಿಗೆ ಬಿಡುವುದು?

"ಅಲ್ಲಿ ಯಾರಿಗಾದರೂ ಎಡಗಡೆ ಬಿದ್ದಿದ್ದು ಉಂಟೇನೇ?" ಅಂತ ಕೇಳಿದೆ.

"ಇಲ್ಲಮ್ಮಾ, ಎಲ್ರಿಗೂ ಬಲಗಡೆನೇ! ಅಷ್ಟು ಪವರ್‌ಫುಲ್ ದೇವರು."

ನನಗೆ ಅಲ್ಲೇ ಅನುಮಾನ ಹುಟ್ಟಿತು. ನಾನು ಕಂಡ ದೇವರು ಬೇಡ ಅನ್ನೋದರಲ್ಲಿ ಎತ್ತಿದ ಕೈ. ನಮ್ಮತ್ತೆ ಒಂದು ಹಸು ಕೊಳ್ಳೋದಕ್ಕೆ ವರ್ಷಗಟ್ಟಲೆ ಕೇಳಿ ಕೇಳಿ, ಕೊನೆಗೆ ಹಸುವಿನ ಮಾಲೀಕನೇ ಸತ್ತು ಹೋದ. ಕೇಳಿದವರಿಗೆಲ್ಲ ಹೂಂ ಅನ್ನೋ ದೇವರನ್ನು ನಾನು ಎಲ್ಲೂ ನೋಡಿರಲಿಲ್ಲ. ಇದರಲ್ಲಿ ಏನೋ ಇದೆ, ಹೋಗಿ ನೋಡೇಬಿಡಬೇಕು ಅನ್ನಿಸಿತು.

ಅನುಸೂಯಮ್ಮ ತೀರಿಕೊಂಡು ಈಗ ಎರಡು ಚಳಿಗಾಲ ಕಳೆದಿದೆ. ಅವತ್ತು ಹುಟ್ಟಿದ ಅನುಮಾನ ಪೂರ್ತಿ ಹೋಗಿದೆ ಅಂತ ಇವತ್ತಿಗೂ ಹೇಳಲಾರೆ.

ಮುಂದಿನ ಶನಿವಾರ ರೇಣು ನನ್ನನ್ನು ಕರೆದುಕೊಂಡು ಹೋದಳು. ಆರುನೂರ ತೊಂಬತ್ತಾರನೇ ನಂಬರಿನ ಹೈವೇಯಲ್ಲಿ ದಾರಿಯುದ್ದಕ್ಕೂ ರಿಪೇರಿ, ಕಿತ್ತಳೆ ಬಣ್ಣದ ಡಬ್ಬಗಳ ಸಾಲು. ಬಾಗಿಲು ತೆಗೆದ ಹೆಂಗಸನ್ನು ನೋಡಿ ನನ್ನ ಲೆಕ್ಕಾಚಾರ ಸ್ವಲ್ಪ ತಪ್ಪಿತು. ನಾನು ದೊಡ್ಡ ಕುಂಕುಮ, ರೇಷ್ಮೆ ಸೀರೆ, ಮೈಮೇಲೆ ಬಂದವರ ಕಣ್ಣು ಅಂತೆಲ್ಲ ಅಂದುಕೊಂಡಿದ್ದೆ. ಇವರು ನೂಲಿನ ಸೀರೆ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡು, ಕಾಲಿಗೆ ಬಿಳೀ ಸ್ನೀಕರ್ಸ್ ಹಾಕಿಕೊಂಡು ನಿಂತಿದ್ದರು. ಉದ್ದಕ್ಕೆ, ತೆಳ್ಳಗೆ. ಎರಡು ಮಾತಾಡಿದರೆ ಒಂದು ಸಲ ಉಸಿರು ತೆಗೆದುಕೊಳ್ಳೋರು.

"ಬನ್ನಿ ಬನ್ನಿ. ಕೇಳೋಕೆ ಬಂದ್ರಾ, ನೋಡೋಕೆ ಬಂದ್ರಾ?" ಅಂದರು.

"ನೋಡೋಕೆ" ಅಂದೆ ನಾನು.

"ಹಾಗಾದ್ರೆ ಊಟ ಮಾಡಿಕೊಂಡು ಹೋಗಿ. ಕೇಳೋಕೆ ಬಂದವರು ಬಲಗಡೆ ಬಿದ್ದ ತಕ್ಷಣ ಓಡಿಹೋಗ್ತಾರೆ, ಒಂದು ತುತ್ತೂ ತಿನ್ನಲ್ಲ."

ಅವರದು ಹುಣಸೂರು. ಗಂಡ ಕಾರು ಕಂಪನಿಗೆ ನಕ್ಷೆ ಬರೆಯುವ ಕೆಲಸಕ್ಕೆ ಬಂದವರು. ಆಗ ಇಲ್ಲಿ ಕರಿಬೇವು ಸಿಗುತ್ತಿರಲಿಲ್ಲವಂತೆ. ಗಂಡನ ಒಬ್ಬರ ಸಂಬಳ ಸಾಲದೆ ಅನುಸೂಯಮ್ಮ ಒಂದು ಸ್ಕೂಲಿನ ಕ್ಯಾಂಟೀನಿನಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸಕ್ಕೆ ಸೇರಿದರು. ಈರುಳ್ಳಿ ಸಹ ತಿನ್ನದೆ ಬೆಳೆದವರು ಕೂದಲು ಉದುರದ ಹಾಗೆ ತಲೆಗೆ ಬಲೆ ಕಟ್ಟಿಕೊಂಡು ಮಾಂಸದ ತುಂಡು ಎತ್ತಿ ಎತ್ತಿ ತಟ್ಟೆಗೆ ಹಾಕಿದರು. "ಮೊದಲ ದಿನ ಉಸಿರು ಹಿಡ್ಕೊಂಡು ಬಡಿಸಿದೆ. ಆಮೇಲೆ ಯಾವ ಮಗೂಗೆ ಮನೇಲಿ ತಿಂಡಿ ಸಿಕ್ಕಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗೋಕೆ ಶುರುವಾಯ್ತು. ವಾಸನೆ ಮರೆತುಹೋಯ್ತು" ಅಂದಿದ್ದರು ಒಮ್ಮೆ. ಮಕ್ಕಳು ಅವರನ್ನು ಮಿಸ್ ಅನು ಅನ್ನುತ್ತಿದ್ದವಂತೆ. ಗಂಡ ಹೋದ ಮೇಲೂ ಆ ಕೆಲಸ ಬಿಡಲಿಲ್ಲ, ಮೊಣಕಾಲು ಬಿಡಿಸಿತು.

ದೇವರ ಮನೆ ಅಂತ ಇದ್ದದ್ದು ಹಜಾರದ ಕೊನೆಯಲ್ಲಿ ಕೋಟು ನೇತುಹಾಕೋ ಕ್ಲಾಸೆಟ್ಟು. ಬಾಗಿಲು ಕಿತ್ತು, ಒಂದು ಮಣೆ ಜೋಡಿಸಿ, ಅದರ ಮೇಲೆ ಗೇಣುದ್ದದ ಪಂಚಲೋಹದ ಅಮ್ಮನವರನ್ನು ಕೂರಿಸಿದ್ದರು. ಗ್ರೋಸರಿ ಅಂಗಡಿಯ ಸೇವಂತಿಗೆ. ರೇಣು ಜತೆ ಕೆಲಸ ಮಾಡುವ ತನ್ಮಯಿ ಅನ್ನೋ ಹುಡುಗಿಯೂ ಅವತ್ತು ಬಂದಿದ್ದಳು, ಚಿಕಾಗೋದ ಕೆಲಸ ಒಪ್ಪಿಕೊಳ್ಳೋದೋ ಬಿಡೋದೋ ಕೇಳೋದಕ್ಕೆ. ಅನುಸೂಯಮ್ಮ ಎರಡು ಭುಜಕ್ಕೂ ಹೂವು ಅಂಟಿಸಿದರು, ಎಲ್ಲರೂ ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಅನುಸೂಯಮ್ಮನವರ ಕೈ ನೋಡಿದೆ, ಮಂಡಿ ನೋಡಿದೆ, ಮಣೆಗೇನಾದರೂ ದಾರ ಕಟ್ಟಿದೆಯಾ ಅಂತ ಬಗ್ಗಿ ನೋಡಿದೆ. ಏನೂ ಇಲ್ಲ. ಅಷ್ಟರಲ್ಲಿ ಬೇಸ್‌ಮೆಂಟಿನಲ್ಲಿ ಮನೆ ಬಿಸಿ ಮಾಡೋ ಫರ್ನೇಸ್ ಗುಂಯ್ ಅಂತ ಶುರುವಾಯಿತು. ನನ್ನ ಸೆರಗಿನ ತುದಿ ಅಲ್ಲಾಡಿತು.

ಬಗ್ಗಿ ನೋಡಿದರೆ ಅಮ್ಮನವರ ಬಲಕ್ಕೆ, ಗೋಡೆಯ ಬುಡದಲ್ಲಿ, ಬಿಸಿಗಾಳಿ ಬರುವ ಜಾಲರಿ. ಆ ಗಾಳಿ ನೇರವಾಗಿ ಹೋಗಿ ಬಲಗಡೆ ಹೂವಿಗೆ ಹೊಡೆಯುತ್ತಿತ್ತು. ಆ ಹೂವು ಮೊದಲು ಒಣಗದೆ ಇನ್ನೇನು? ಚಳಿಗಾಲದಲ್ಲಿ ಬಿಸಿಗಾಳಿ, ಬೇಸಿಗೆಯಲ್ಲಿ ಏಸಿ ಗಾಳಿ. ವರ್ಷಪೂರ್ತಿ ಈ ದೇವರು ಹೂಂ ಅಂತಲೇ ಇರಬೇಕು!

ಹೂವು ಬಲಗಡೆ ಬಿತ್ತು. ತನ್ಮಯಿ ಅಳುತ್ತಾ ನಗುತ್ತಾ ಕಾಲಿಗೆ ಬಿದ್ದು ಓಡಿದಳು. ರೇಣು ಅವಳನ್ನು ಕಳಿಸೋಕೆ ಹೊರಗೆ ಹೋದಾಗ ನಾನು ಅನುಸೂಯಮ್ಮನನ್ನು ಹಿಡಿದುಕೊಂಡೆ.

"ಆ ಜಾಲರಿ ನೋಡಿದೀರಾ?"

"ನೋಡಿದೀನಿ."

"ಗೊತ್ತಾ ನಿಮಗೆ?"

"ಗೊತ್ತು." ಒಂದು ಉಸಿರು ತೆಗೆದುಕೊಂಡರು. "ನನ್ನ ಮಗ ಶ್ರೀಧರನ ಮದುವೆಗೆ ಇಲ್ಲೇ ಕೇಳಿದ್ದೆ. ಬಲಗಡೆ ಬಿತ್ತು. ಮಾಡಿದ್ವಿ. ಮುರಿದುಬಿತ್ತು. ಅವತ್ತು ಅಮ್ಮನ್ನ ಬೈಯೋಣ ಅಂತ ಬಂದು ಇಲ್ಲೇ ಕೂತು ಅತ್ತೆ. ಅಳ್ತಾ ಅಳ್ತಾ ನೋಡ್ತೀನಿ, ಒಂದು ಕೆನ್ನೆ ಮಾತ್ರ ಆರ್ತಾ ಇದೆ. ಇನ್ನೊಂದು ಒದ್ದೆ. ಆಗ ಗೊತ್ತಾಯ್ತು."

"ಗೊತ್ತಿದ್ದೂ ಜನಕ್ಕೆ ಹೀಗೆ ಮಾಡ್ತೀರಲ್ಲ, ನಾಚಿಕೆ ಆಗಲ್ವಾ?"

"ಬೇಡ ಅನ್ನಿಸಿಕೊಳ್ಳೋದಕ್ಕೆ ಯಾರೂ ಇಷ್ಟು ದೂರ ಡ್ರೈವ್ ಮಾಡ್ಕೊಂಡು ಬರಲ್ಲ ಕಣ್ರೀ" ಅಂದರು. "ಅವರು ಮನೇಲೇ ನಿಶ್ಚಯ ಮಾಡ್ಕೊಂಡು ಬಂದಿರ್ತಾರೆ. ಧೈರ್ಯ ಒಂದು ಸಾಲದು. ಅದನ್ನ ಫರ್ನೇಸ್ ಕೊಡತ್ತೆ. ಮಾಡಬಾರದ್ದಕ್ಕೆ ಬರೋರನ್ನ ನಾನೇ ಅಡಿಗೆಮನೇಲಿ ಕೂರಿಸ್ಕೊಂಡು ಬೈದು ಕಳಿಸ್ತೀನಿ, ಅಮ್ಮನ ತನಕ ಬಿಡಲ್ಲ."

ಇದನ್ನು ನಂಬೋದೋ ಬಿಡೋದೋ ನನಗೆ ತಿಳಿಯಲಿಲ್ಲ. ರೇಣುವಿಗೆ ಹೇಳಿಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ಆದರೆ ಅವಳು ದಾರಿಯುದ್ದಕ್ಕೂ ಡೇಕೇರಿಗೆ ಯಾವ ಬಣ್ಣದ ಚಾಪೆ ತರಬೇಕು ಅಂತ ಮಾತಾಡುತ್ತಾ ಬಂದಳು. ಅಷ್ಟು ಖುಷಿಯಲ್ಲಿ ನಾನು ಅವಳನ್ನು ಬಹಳ ದಿನದಿಂದ ನೋಡಿರಲಿಲ್ಲ. ಸುಮ್ಮನಾದೆ. ಆಮೇಲೆ ಪ್ರತಿ ಶನಿವಾರ ನಾನೇ ಸ್ಟರ್ಲಿಂಗ್ ಹೈಟ್ಸ್‌ಗೆ ಬಿಡಿಸಿಕೊಳ್ಳೋಕೆ ಶುರು ಮಾಡಿದೆ. ಕಣ್ಣಿಡೋದಕ್ಕೆ ಅಂತ ಹೇಳಿಕೊಂಡೆ. ನಿಜಕ್ಕೂ ಆ ಹೆಂಗಸಿನ ಮಾತು ನನಗೆ ರುಚಿ ಹತ್ತಿತ್ತು. ಬೇಗನೇ ಅವರು ನನ್ನನ್ನು "ಅಂಬುಜಾ, ನೀನು" ಅನ್ನತೊಡಗಿದರು. ನನಗಿಂತ ದೊಡ್ಡವರು, ನಾನು ನೀವು ಅಂತಲೇ ಇದ್ದೆ.

ಮಗ ಶ್ರೀಧರ್ ಇಲ್ಲೇ ಹುಟ್ಟಿದವನು. ವಾರೆನ್‌ನಲ್ಲಿ ಕಾರಿನ ಬ್ರೇಕುಗಳನ್ನು ಅವು ಕೆಡುವ ತನಕ ಒತ್ತಿಸಿ ಒತ್ತಿಸಿ ಪರೀಕ್ಷೆ ಮಾಡೋ ಕೆಲಸ. ಯಾವುದು ಯಾವಾಗ ಕೈಕೊಡುತ್ತದೆ ಅಂತ ಹೇಳೋದಕ್ಕೇ ಅವನಿಗೆ ಸಂಬಳ. ಒಳ್ಳೆಯವನೇ, ಆದರೆ ಫೋನು ಕೈಬಿಡೋನಲ್ಲ. ಆ ಫೋನಿನಿಂದಲೇ ಫರ್ನೇಸ್ ಹಚ್ಚಿ ಆರಿಸುತ್ತಾನೆ ಅಂತ ಗೊತ್ತಾದ ಮೇಲೆ ನನಗೆ ಅವನ ಮೇಲೂ ಒಂದು ಕಣ್ಣು.

ಆ ವರ್ಷ ಹಿಮ ಬೀಳೋಕೆ ಮುಂಚೆ ಅನುಸೂಯಮ್ಮನವರ ಉಸಿರು ತೀರಾ ಗಿಡ್ಡವಾಯಿತು. ಅಡಿಗೆಮನೆಯಿಂದ ಬಾಗಿಲಿಗೆ ಬರೋದರಲ್ಲಿ ಗೋಡೆ ಹಿಡಿಯೋರು. ಡಾಕ್ಟರು ಹೃದಯದ ವಾಲ್ವ್ ಬದಲಾಯಿಸಬೇಕು, ಇಲ್ಲದಿದ್ದರೆ ಮುಂದಿನ ಚಳಿಗಾಲ ಕಾಣೋದು ಕಷ್ಟ ಅಂದರು. ಶ್ರೀಧರ್ ಮಾಡಿಸೋಣ ಅಂದ. ಅನುಸೂಯಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಡಾಕ್ಟರ ಆಫೀಸಿನವರು ತಾರೀಖು ಕೇಳಿ ಫೋನ್ ಮಾಡುತ್ತಲೇ ಇದ್ದರು.

ಒಂದು ಮಧ್ಯಾಹ್ನ ಮೂರು ಜನವೂ ಕೂತಿದ್ದೆವು. ಅನುಸೂಯಮ್ಮ ರವಿಕೆಗೆ ಹುಕ್ಕು ಹಾಕುತ್ತಿದ್ದರು. "ರಿಸ್ಕ್ ಇಲ್ವೇನೋ? ಝೀರೋನಾ?" ಅಂದರು.

ಶ್ರೀಧರ್ ಸುಳ್ಳು ಹೇಳೋನಲ್ಲ, ಅದೇ ಅವನ ತೊಂದರೆ. "ಝೀರೋ ಅಲ್ಲಮ್ಮ. ನೂರರಲ್ಲಿ ಎರಡೋ ಮೂರೋ. ಬಟ್ ನಾನು ದಿನಾ ನಂಬರ್ಸ್ ನೋಡೋನು, ಝೀರೋ ಅನ್ನೋದಕ್ಕೂ ನೀನು ಅಂದ್ಕೊಂಡಷ್ಟು ಅರ್ಥ ಇಲ್ಲ. ಝೀರೋ ಚಾನ್ಸ್ ಇರೋದೂ ಆಗತ್ತೆ."

"ಆಗದೇ ಇರೋದಕ್ಕೆ ತಾನೇ ಝೀರೋ ಅನ್ನೋದು?" ಅಂದೆ ನಾನು.

ಅಷ್ಟರಲ್ಲಿ ಅನುಸೂಯಮ್ಮನವರ ಕೈಯಿಂದ ಸೂಜಿ ಜಾರಿ ಕಾರ್ಪೆಟ್ಟಿಗೆ ಬಿತ್ತು. ಶ್ರೀಧರ್ ಮಂಡಿಯೂರಿ ಹುಡುಕಿದ. "ಸಿಕ್ತು! ನೋಡಿ ಆಂಟಿ. ಸೂಜಿ ಮೊನೆ ಈ ಪಾಯಿಂಟಲ್ಲಿ ಚುಚ್ಕೊಂಡಿದೆ. ಬೀಳೋಕೆ ಮುಂಚೆ ನಾನು ಇದೇ ಪಾಯಿಂಟ್ ಅಂತ ಬೆಟ್ಟು ಮಾಡಿದ್ರೆ, ಕರೆಕ್ಟಾಗಿ ಅಲ್ಲೇ ಬೀಳೋ ಚಾನ್ಸ್ ಝೀರೋ. ಕಮ್ಮಿ ಅಲ್ಲ, ಝೀರೋನೇ."

"ಬಿದ್ದಿದೆಯಲ್ಲಪ್ಪ, ಕಣ್ಣೆದುರಿಗೆ!"

"ಅದೇ ಹೇಳ್ತಿರೋದು. ಕಾರ್ಪೆಟ್ಟಲ್ಲಿ ಎಷ್ಟು ಪಾಯಿಂಟ್ ಇದೆ? ಲೆಕ್ಕ ಇಲ್ಲ, ಕೊನೆ ಇಲ್ಲ. ಎಲ್ಲಾದಕ್ಕೂ ಒಂದೇ ಥರ ಚೂರು ಚೂರು ಚಾನ್ಸ್ ಹಂಚಿದ್ರೆ, ಕೂಡಿದಾಗ ನೂರಕ್ಕೆ ನೂರು ದಾಟಿ ಎಲ್ಲೋ ಹೋಗತ್ತೆ. ಹಾಗಾಗೋ ಹಾಗಿಲ್ಲ. ಅದಕ್ಕೇ ಒಂದೊಂದಕ್ಕೂ ಝೀರೋ. ಆದ್ರೂ ಸೂಜಿ ಎಲ್ಲೋ ಒಂದು ಕಡೆ ಬೀಳಲೇಬೇಕಲ್ಲ? ಬಿತ್ತು. ಝೀರೋ ಆಯ್ತು."

ಮಾತಿನಲ್ಲೇ ಕೈಚಳಕ ಮಾಡುತ್ತಿದ್ದಾನೆ ಅನ್ನಿಸಿತು ನನಗೆ. ಎಲ್ಲಿ ಮೋಸ ಮಾಡಿದ ಅಂತ ಮಾತ್ರ ಹಿಡಿಯೋಕಾಗಲಿಲ್ಲ. ಅನುಸೂಯಮ್ಮ ಸೂಜಿ ಇಸಕೊಂಡು ಅದರ ಮೊನೆಯನ್ನೇ ನೋಡುತ್ತಾ ಕೂತರು.

"ಹಾಗಾದ್ರೆ ಆಗದೇ ಇರೋದು ಬೇರೆ, ಝೀರೋ ಬೇರೆ" ಅಂದರು ನಿಧಾನಕ್ಕೆ.

"ಎಕ್ಸಾಕ್ಟ್ಲಿ, ಅಮ್ಮ!"

"ಝೀರೋ ಇರೋದೇ ಹೀಗೆ ಕಾರ್ಪೆಟ್ ಮೇಲೆ ಬಿದ್ದಿರತ್ತೆ ಅಂದ್ಮೇಲೆ, ನೂರಕ್ಕೆ ಎರಡು ಮೂರು ಇರೋದು ನನ್ನನ್ನ ಬಿಡತ್ತೇನೋ?"

ಶ್ರೀಧರನ ಮುಖ ನೋಡಬೇಕಿತ್ತು. ಅದು ಹಾಗಲ್ಲ, ಹೀಗೆ ಅಂತ ಸಂಜೆ ತನಕ ಒದ್ದಾಡಿದ. ತನ್ನ ಜಾಣತನದಿಂದ ತಾನೇ ತಾಯಿಯನ್ನು ಹೆದರಿಸಿದ್ದ. ಅವತ್ತೇ ಅವರು ಹೇಳಿಬಿಟ್ಟರು: "ನಾನು ಹೂವು ಕೇಳ್ತೀನಿ. ಅಮ್ಮ ಏನು ಹೇಳ್ತಾಳೋ ಅದೇ."

ಶ್ರೀಧರ್ ತಕ್ಷಣ ಒಪ್ಪಿದ. ಎಷ್ಟು ಬೇಗ ಒಪ್ಪಿದ ಅಂದರೆ ನನ್ನ ಅನುಮಾನ ನೆಟ್ಟಗೆ ಎದ್ದು ಕೂತಿತು. ಅವನಿಗೂ ಜಾಲರಿ ವಿಷಯ ಗೊತ್ತು! ಫೋನಿನಲ್ಲಿ ಒಂದು ಸಲ ಬೆರಳಾಡಿಸಿದರೆ ಸಾಕು, ಬಲಗಡೆ ಹೂವು ಉದುರಬೇಕು, ತಾಯಿ ಆಸ್ಪತ್ರೆಗೆ ಹೊರಡಬೇಕು.

ಅವನು ಆ ಕಡೆ ಹೋದಾಗ ಅನುಸೂಯಮ್ಮ ನನ್ನ ಕೈ ಹಿಡಿದರು. "ಇಲ್ಲಿಗೆ ಬರೋರಲ್ಲಿ ನಂಬದೇ ಇರೋಳು ನೀನೊಬ್ಬಳೇ ಅಂಬುಜಾ. ಅದಕ್ಕೇ ನಿನ್ನ ಕೇಳ್ತಿದೀನಿ. ಶುಕ್ರವಾರ ಬಾ. ಜಾಲರಿ ಮುಚ್ಚು. ಫರ್ನೇಸಿನ ಸ್ವಿಚ್ಚೇ ಆರಿಸು. ನನ್ನ ಕೈ ನೋಡ್ತಿರು, ಅವನ ಕೈನೂ ನೋಡ್ತಿರು. ಬೇರೆಯವರಿಗೆ ಗಾಳಿ ಕೊಟ್ಟೆ. ನನಗೆ ಉತ್ತರ ಬೇಕು."

ಶುಕ್ರವಾರ ಬೆಳಿಗ್ಗೆ ಹೊರಗೆ ಇಲ್ಲಿನ ಲೆಕ್ಕದಲ್ಲಿ ಹತ್ತು ಡಿಗ್ರಿ, ನೀರು ಕಲ್ಲಾಗೋ ಚಳಿ. ಬೇಸ್‌ಮೆಂಟಿಗೆ ನಾನೇ ಇಳಿದು ಸ್ವಿಚ್ಚು ಆರಿಸಿದೆ. ಜಾಲರಿ ಮೇಲೆ ದಪ್ಪ ಟವೆಲ್ಲು ಹಾಸಿ, ಅದರ ಮೇಲೆ ಒಂದು ಮೂಟೆ ಸೋನಾಮಸೂರಿ ಎಳೆದಿಟ್ಟೆ. ಅನುಸೂಯಮ್ಮ ತಮ್ಮ ಕೈಯಾರೆ ಎರಡು ಬಿಳೀ ಸೇವಂತಿಗೆ ಅದ್ದಿ ಅಮ್ಮನವರ ಎರಡು ಭುಜಕ್ಕೂ ಅಂಟಿಸಿದರು. ನಾನು ನೋಡಿದೆ, ಎರಡನ್ನೂ ಒಂದೇ ಥರ ಅದ್ದಿದರು, ಒಂದೇ ಥರ ಒತ್ತಿದರು. ಶ್ರೀಧರ್ ಫೋನು ಹಿಡಿದು ನಿಂತ.

"ಫೋನ್ ಕೆಳಗಿಡಪ್ಪ" ಅಂದೆ.

"ರೆಕಾರ್ಡ್ ಮಾಡ್ತಿದೀನಿ ಆಂಟಿ."

"ಯಾಕೆ?"

"ನೀವು ಯಾಕೆ ಅಕ್ಕಿ ಮೂಟೆ ಇಟ್ರೋ ಅದಕ್ಕೇ. ನಿಮಗೆ ನನ್ನ ಮೇಲೆ ಡೌಟು, ನನಗೆ ನಿಮ್ಮ ಮೇಲೆ. ನಮ್ಮಮ್ಮನಿಗೆ ಆಪರೇಷನ್ ಬೇಡ ಅಂತ ನೀವೇ ತಲೆ ಕೆಡಿಸಿದೀರೇನೋ ಅಂತ."

"ನಾನಾ! ನಿನ್ನ ಸೂಜಿ ಕೆಡಿಸಿದ್ದು ಕಣೋ!"

"ಇಬ್ರೂ ಬಾಯಿ ಮುಚ್ಚಿ" ಅಂದರು ಅನುಸೂಯಮ್ಮ. ಕಣ್ಣು ಮುಚ್ಚಿ ಕೈಜೋಡಿಸಿದರು. "ಮಾಡಿಸ್ಕೊಳ್ಳೋದಾದ್ರೆ ಬಲಗಡೆ ಕೊಡು ತಾಯಿ. ಬೇಡ ಅಂದ್ರೆ ಎಡಗಡೆ."

ಕಾದೆವು. ಮನೆ ತಣ್ಣಗಾಗುತ್ತಾ ಬಂತು. ಅನುಸೂಯಮ್ಮನವರ ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಒಮ್ಮೆ ಅವರ ಕೈ, ಒಮ್ಮೆ ಶ್ರೀಧರನ ಬೆರಳು, ಒಮ್ಮೆ ಹೂವು ನೋಡುತ್ತಾ ಇದ್ದೆ. ಆಮೇಲೆ ಹೂವು ಮಾತ್ರ ನೋಡಿದೆ. ಬಲಗಡೆದು ಸ್ವಲ್ಪ ಬಾಗಿದ ಹಾಗೆ ಕಂಡಿತು. ಎಡಗಡೆದೂ ಬಾಗಿತು.

ಎರಡೂ ಒಟ್ಟಿಗೇ ಬಿದ್ದವು.

ತಪ್ ಅಂತ ಒಂದೇ ಸದ್ದು. ಎರಡು ಸದ್ದಲ್ಲ. ನಾನು ಕಣ್ಣು ಮಿಟುಕಿಸಿರಲಿಲ್ಲ.

ಆಮೇಲೆ ಶ್ರೀಧರ್, "ಆಂಟಿ, ಮಣೆ ಅಲ್ಲಾಡಿಸಿದ್ರಾ?" ಅಂದ. "ನಾನು ಗೋಡೆಗೆ ಒರಗಿ ನಿಂತಿದೀನಿ, ನಿನ್ನ ಫೋನಲ್ಲೇ ನೋಡ್ಕೋ" ಅಂದೆ. ಅವನು ನೋಡಿದ. ಆ ಫೋನಿನಲ್ಲಿ ನಿಧಾನ ಮಾಡಿ ನೋಡೋ ಉಪಾಯ ಉಂಟು, ಒಂದು ರೆಪ್ಪೆ ಬಡಿಯೋ ಹೊತ್ತನ್ನು ನೂರಾರು ಚಿತ್ರ ಮಾಡಿ ತೋರಿಸುತ್ತದೆ. ನನಗೂ ತೋರಿಸಿದ. ಒಂದು ಚಿತ್ರದಲ್ಲಿ ಎರಡು ಹೂವೂ ಭುಜದ ಮೇಲಿವೆ. ಮುಂದಿನ ಚಿತ್ರದಲ್ಲಿ ಎರಡೂ ಭುಜ ಬಿಟ್ಟಿವೆ, ಒಂದೇ ಎತ್ತರದಲ್ಲಿ.

"ದಿಸ್ ಈಸ್ ಕ್ರೇಜಿ" ಅಂದ. "ಎರಡೂ ಕರೆಕ್ಟಾಗಿ ಒಂದೇ ಗಳಿಗೆಗೆ ಬೀಳೋ ಪ್ರಾಬಬಿಲಿಟಿ ಝೀರೋ ಅಮ್ಮ."

"ಝೀರೋ ಅಂದ್ರೆ ಆಗಲ್ಲ ಅಂತಲ್ಲ ಅಂತ ನೀನೇ ಹೇಳಿದ್ಯಲ್ಲೋ."

"ಹೇಳಿದೆ. ಬಟ್ ಸೂಜಿ ಎಲ್ಲಿ ಬಿದ್ರೂ ಅದು ಯಾವುದೋ ಒಂದು ಝೀರೋ. ಯಾರೂ ಮೊದಲೇ ಇದೇ ಜಾಗ ಅಂತ ಹೇಳಿರಲ್ಲ. ಇದು ಹಾಗಲ್ಲ. ಎರಡೂ ಒಟ್ಟಿಗೆ ಅನ್ನೋದು ನಮಗೆ ಮೊದಲಿಂದ ಗೊತ್ತಿರೋ ಒಂದೇ ಒಂದು ಜಾಗ. ಅಲ್ಲೇ ಹೋಗಿ ಬೀಳೋದಾ! ಇಲ್ಲ, ಈ ಎರಡು ಫ್ರೇಮ್ ಮಧ್ಯೆ ಗ್ಯಾಪ್ ಇದೆ. ಆ ಗ್ಯಾಪಲ್ಲಿ ಯಾವುದೋ ಒಂದು ಮೊದಲು ಬಿಟ್ಟಿದೆ. ಕ್ಯಾಮೆರಾಗೆ ಸಿಕ್ಕಿಲ್ಲ ಅಷ್ಟೆ."

"ಇದಕ್ಕಿಂತ ಒಳ್ಳೆ ಕ್ಯಾಮೆರಾ ತಂದ್ರೆ?" ಅಂದೆ.

"ಅದರಲ್ಲೂ ಗ್ಯಾಪ್ ಇರತ್ತೆ."

"ಹಾಗಾದ್ರೆ ಆಯ್ತು ಅಂತಾನೂ ತೋರಿಸೋಕಾಗಲ್ಲ, ಆಗಿಲ್ಲ ಅಂತಾನೂ ತೋರಿಸೋಕಾಗಲ್ಲ. ಇದೆಂಥ ವಿದ್ಯೆಯಪ್ಪ ನಿಂದು!"

ಅವನು ಫೋನಿನಲ್ಲಿ ಹಿಂದಕ್ಕೆ ಮುಂದಕ್ಕೆ ಎಳೆಯುತ್ತಲೇ ಇದ್ದ. ನನ್ನ ಅನುಮಾನ ಅಷ್ಟರಲ್ಲಿ ಬೇರೆ ಕಡೆ ತಿರುಗಿತ್ತು. ಅಷ್ಟು ವರ್ಷ ಹೂವು ಅಂಟಿಸಿದ ಕೈ ಅದು. ಯಾವ ಹೂವಿಗೆ ಎಷ್ಟು ನೀರು, ಎಷ್ಟು ಒತ್ತು ಅಂತ ಆ ಕೈಗೆ ಗೊತ್ತಿಲ್ಲದೆ ಇರುತ್ತದೆಯೇ? ಉತ್ತರ ಬರದ ಹಾಗೆ ತಾವೇ ಮಾಡಿಕೊಂಡರೋ ಏನೋ. ಕೇಳಿಯೇಬಿಟ್ಟೆ. ಅನುಸೂಯಮ್ಮ ಉಸಿರು ಸಿಕ್ಕಿಕೊಳ್ಳುವ ತನಕ ನಕ್ಕರು. "ಅಷ್ಟು ಬಂದಿದ್ರೆ ಸರ್ಕಸ್ ಸೇರ್ತಿದ್ದೆ ಕಣೇ" ಅಂದರು. ಇಲ್ಲ ಅಂತ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಬಿದ್ದ ಹೂವು ಎರಡನ್ನೂ ಎತ್ತಿ ಮುಡಿಗಿಟ್ಟುಕೊಂಡರು. "ಬಲಗಡೆ ಬಿದ್ದಿದ್ರೆ ಅಮ್ಮ ಕಳಿಸಿದಳು ಅಂತ ಹೋಗ್ತಿದ್ದೆ. ಎಡಗಡೆ ಬಿದ್ದಿದ್ರೆ ಅಮ್ಮ ತಡೆದಳು ಅಂತ ಮಂಚ ಹಿಡೀತಿದ್ದೆ. ಈಗ ಅವಳ ತಲೆ ಮೇಲೆ ಹಾಕೋಕಾಗಲ್ಲ. ಮೆಟ್ಟಿಲು ಹತ್ತೋಕೆ ಗೋಡೆನ ಬೇಡ್ಕೊಳ್ಳೋದು ನನಗೆ ಸಾಕಾಗಿದೆ. ಮಾಡಿಸ್ಕೋತೀನಿ. ತಾರೀಖು ಕೊಡೋ. ಮೊದಲು ಆ ಫರ್ನೇಸ್ ಹಾಕಿ, ವಾಲ್ವಿಗೆ ಮುಂಚೆ ಚಳಿಗೆ ಹೋಗ್ತೀನಿ."

ಆಪರೇಷನ್ ದಿನ ನಾನೂ ಆಸ್ಪತ್ರೆಗೆ ಹೋದೆ. ಪರದೆ ಎಳೆದ ಚಿಕ್ಕ ಜಾಗದಲ್ಲಿ ಮಲಗಿಸಿದ್ದರು. ಬಳೆ ತೆಗೆಸಿದ್ದರು, ಕೈ ಬರಿದಾಗಿ ತೀರಾ ಸಣ್ಣದಾಗಿ ಕಂಡಿತು. ತಲೆಗೆ ನೀಲಿ ಟೋಪಿ ಹಾಕಿದ್ದರು. "ಕ್ಯಾಂಟೀನಿನ ಬಲೆಗಿಂತ ಚೆನ್ನಾಗಿದೆ, ಅಲ್ವಾ?" ಅಂದರು. ಶ್ರೀಧರ್ ಡಾಕ್ಟರ ಜತೆ ಮಾತಾಡೋಕೆ ಆಚೆ ಹೋಗಿದ್ದ. ನರ್ಸ್ ಬಂದು ಮಂಚದ ಗಾಲಿಯ ಬ್ರೇಕ್ ಬಿಟ್ಟಳು. ಅನುಸೂಯಮ್ಮ ಅವಳಿಗೆ ಒಂದು ನಿಮಿಷ ಅಂತ ಬೆರಳು ತೋರಿಸಿ ನನ್ನನ್ನು ಹತ್ತಿರಕ್ಕೆ ಕರೆದರು.

"ಅಂಬುಜಾ, ಆ ವಿಡಿಯೋ ಇನ್ನೂ ಅವನ ಫೋನಲ್ಲಿದೆ. ನಿನ್ನೆನೂ ನೋಡ್ತಾ ಕೂತಿದ್ದ. ನಾನು ವಾಪಸ್ ಬಂದ್ರೆ ಇರಲಿ, ಬಂದವರಿಗೆಲ್ಲ ತೋರಿಸ್ಕೊಂಡು ನಗೋಣ. ಬರಲಿಲ್ಲ ಅಂದ್ರೆ ಅವನು ಅದನ್ನ ಹಿಗ್ಗಿಸಿ ಹಿಗ್ಗಿಸಿ ನೋಡ್ತಾನೆ, ಎಡಗಡೆದು ಒಂದು ಕೂದಲೆಳೆ ಮುಂಚೆ ಬಿತ್ತೇನೋ, ದೇವರು ಬೇಡ ಅಂದಿದ್ರೂ ಅಮ್ಮನ್ನ ನಾನೇ ಕಳಿಸಿಬಿಟ್ಟೆನೇನೋ ಅಂತ. ಅದಕ್ಕೆ ಕೊನೆ ಇರಲ್ಲ. ನೀನು ಎದುರಿಗೆ ನಿಂತ್ಕೊಂಡು ಅಳಿಸಿಹಾಕಿಸು. ಅಳಿಸಿದೆ ಆಂಟಿ ಅಂತಾನೆ, ಬಾಯಿಮಾತು ನಂಬಬೇಡ. ಫೋನ್ ಇಸ್ಕೊಂಡು ನಿನ್ನ ಕಣ್ಣಲ್ಲಿ ನೀನೇ ನೋಡು."